ಹ್ಯಾಂಡ್‌ಹೆಲ್ಡ್ ಲಿನಕ್ಸ್ ಸಾಧನ, ದಿನಕ್ಕೆ 400 ಪೀಸ್: ಹಾರ್ಡ್‌ವೇರ್ ಟೆಸ್ಟಿಂಗ್ ಆಟೋಮೇಟ್ ಮಾಡುವುದು ಹೇಗೆ?

ವೇಮಗಲ್_ಲೈನ್2

ಎಲ್ಲರಿಗೂ ನಮಸ್ಕಾರ. ಕೋಲಾರದ ವೇಮಗಲ್ ಕೈಗಾರಿಕಾ ಪ್ರದೇಶದ ಒಂದು ಘಟಕದಲ್ಲಿ ಹಾಲಿನ ಸಂಘಗಳಿಗೆ ಹೋಗುವ ಹ್ಯಾಂಡ್‌ಹೆಲ್ಡ್ ತಯಾರಾಗುತ್ತಿದೆ. ಪ್ರೊಸೆಸರ್ ಐ.ಎಂಎಕ್ಸ್ 6ಯುಎಲ್ಎಲ್, 512 ಎಂಬಿ ಡಿಡಿಆರ್3ಎಲ್ ರ‍್ಯಾಮ್, 4 ಜಿಬಿ ಇಎಂಎಂಸಿ (ಬೋರ್ಡ್ ಮೇಲಿನ ಶಾಶ್ವತ ಸಂಗ್ರಹ ಚಿಪ್), 3.5 ಇಂಚು ಡಿಸ್‌ಪ್ಲೇ, 24 ಕೀ ಇರುವ ಕೀಪ್ಯಾಡ್, ವೈಫೈ-ಬ್ಲೂಟೂತ್ ಮಾಡ್ಯೂಲ್, ಸ್ಪೀಕರ್, 3000 ಎಂಎಎಚ್‌ನ ಒಂಟಿ ಸೆಲ್ ಲಿಥಿಯಂ ಬ್ಯಾಟರಿ. ಲಿನಕ್ಸ್ ಇಮೇಜ್ (ಸಾಧನಕ್ಕೆ ಬರೆಯುವ ಪೂರ್ತಿ ಸಾಫ್ಟ್‌ವೇರ್) ಯೋಕ್ಟೋ ಎಂಬ ಟೂಲ್‌ನಲ್ಲಿ ಕಟ್ಟಿದ್ದು, ಸುಮಾರು 1 ಜಿಬಿ.

ಈಗ ಆಪರೇಟರ್‌ಗಳು ಜೋಡಿಸಿ ಮುಗಿದ ಪೀಸ್ ಆನ್ ಮಾಡಿ, ಮೆನುವಿನಲ್ಲಿ ಒಂದೊಂದೇ ತೆರೆದು ನೋಡಿ ಟಿಕ್ ಹಾಕುತ್ತಾರೆ. ಒಂದಕ್ಕೆ ಹತ್ತು ನಿಮಿಷದ ಮೇಲೆ ಹಿಡಿಯುತ್ತದೆ. ಅಷ್ಟಾದರೂ ಎರಡು ದೂರು ನಿಲ್ಲುತ್ತಿಲ್ಲ: ವೈಫೈ ಹತ್ತಿರ ಮಾತ್ರ ಸಿಗುತ್ತದೆ, ರಾತ್ರಿ ಸ್ಲೀಪ್‌ನಲ್ಲಿ ಇಟ್ಟ ಸಾಧನದ ಬ್ಯಾಟರಿ ಬೆಳಿಗ್ಗೆ ಹಾಲು ಹಾಕಿಸುವ ಹೊತ್ತಿಗೆ ಅರ್ಧ ಖಾಲಿ.

ದಿನಕ್ಕೆ 400 ಬೇಕು, ಒಂದೇ ಶಿಫ್ಟ್. ಎಷ್ಟು ಫಿಕ್ಸ್ಚರ್ (ಬೋರ್ಡ್ ಹಿಡಿದು ಟೆಸ್ಟ್ ಮಾಡುವ ಚೌಕಟ್ಟು) ಬೇಕು, ಯಾವ ಟೆಸ್ಟ್ ಎಲ್ಲಿ ಇಡಬೇಕು, ಸಾಫ್ಟ್‌ವೇರ್ ಹೇಗಿರಬೇಕು? ಮಾಡಿ ಗೊತ್ತಿರುವವರು ತಿಳಿಸಿ.

ಜಿಗ್_ಮೇಸ್ತ್ರಿ

ಮೊದಲು ಲೆಕ್ಕ. ಎಂಟು ಗಂಟೆಯ ಶಿಫ್ಟಿನಲ್ಲಿ ಊಟ, ಟೀ, ಮಾಡೆಲ್ ಬದಲಾವಣೆ ಕಳೆದು 7 ಗಂಟೆ ಉಳಿಯುತ್ತದೆ ಅಂದುಕೊಳ್ಳಿ: 25,200 ಸೆಕೆಂಡು. 400ಕ್ಕೆ ಹಂಚಿದರೆ ಪೀಸಿಗೆ 63 ಸೆಕೆಂಡು. ಟೆಸ್ಟ್ 4 ನಿಮಿಷಕ್ಕೆ ಇಳಿಯಿತು, ಇಟ್ಟು ತೆಗೆಯಲು 20 ಸೆಕೆಂಡು ಅಂದರೆ 260 ಭಾಗಿಸು 63, ಅಂದರೆ ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು. ಮರುಟೆಸ್ಟ್, ಪಿನ್ ಬದಲಾವಣೆ ಎಲ್ಲಾ ಸೇರಿ 6 ಸ್ಲಾಟ್ (ಒಂದೊಂದು ಪೀಸ್ ಕೂರುವ ಟೆಸ್ಟ್ ಜಾಗ) ಇಟ್ಟುಕೊಳ್ಳಿ. ನಾಲ್ಕೇ ಇಟ್ಟರೆ ಒಂದು ಸ್ಲಾಟ್ ಕೆಟ್ಟ ದಿನ ಇಡೀ ಲೈನ್ ಕಾಯುತ್ತದೆ.

ನಿಮ್ಮ ದೊಡ್ಡ ತೊಂದರೆ ಎಂದರೆ ಎಲ್ಲವನ್ನೂ ಜೋಡಿಸಿದ ಮೇಲೆ ನೋಡುತ್ತಿರುವುದು. ಎರಡು ಹಂತ ಮಾಡಲೇಬೇಕು. ಮೊದಲನೆಯದು ಬರೀ ಬೋರ್ಡ್, ಪೋಗೋ ಪಿನ್ (ಸ್ಪ್ರಿಂಗ್ ಇರುವ ಟೆಸ್ಟ್ ಪಿನ್) ಫಿಕ್ಸ್ಚರ್ ಮೇಲೆ: ಶಾರ್ಟ್, ವೋಲ್ಟೇಜ್, ಡಿಡಿಆರ್, ಇಎಂಎಂಸಿ, ಚಾರ್ಜಿಂಗ್, ಸ್ಲೀಪ್ ಕರೆಂಟ್, ಇಮೇಜ್ ಬರೆಯುವುದು. ಎರಡನೆಯದು ಕೇಸ್ ಮುಚ್ಚಿದ ಮೇಲೆ: ಡಿಸ್‌ಪ್ಲೇ, ಕೀ, ಸ್ಪೀಕರ್, ವೈಫೈ ಆಂಟೆನಾ. ಮೊದಲ ಹಂತದಲ್ಲಿ ಸಿಕ್ಕ ದೋಷಕ್ಕೆ ಒಂದು ಚಿಪ್ ಬದಲಾಯಿಸಿದರೆ ಆಯಿತು. ಎರಡನೆಯದರಲ್ಲಿ ಸಿಕ್ಕರೆ ಸ್ಕ್ರೂ, ರಿಬ್ಬನ್ ಕೇಬಲ್, ಅಂಟಿಸಿದ ಡಿಸ್‌ಪ್ಲೇ ಎಲ್ಲಾ ಬಿಚ್ಚಬೇಕು.

ಫಿಕ್ಸ್ಚರ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಪಿ75 ಮಾದರಿಯ ಪೋಗೋ ಪಿನ್ 1.02 ಮಿ.ಮೀ. ದಪ್ಪ, ಟೆಸ್ಟ್ ಪ್ಯಾಡ್ (ಬೋರ್ಡ್ ಮೇಲೆ ಪಿನ್ ತಾಗುವ ಜಾಗ) 1 ಮಿ.ಮೀ.ಗಿಂತ ಸಣ್ಣದಿರಬಾರದು. ಪಿನ್ ನೇರವಾಗಿ ಬೆಸೆಯಬೇಡಿ. ಆರ್75 ಸ್ಲೀವ್ ಕೂರಿಸಿ, ವೈರ್ ಸ್ಲೀವ್‌ಗೆ ಬೆಸೆದು, ಪಿನ್ ಒಳಗೆ ತೂರಿಸಿ. ಸವೆದ ಪಿನ್ ಎಳೆದು ಹೊಸದು ಹಾಕಲು ಆಗ ನಿಮಿಷವೂ ಬೇಡ. ಚಪ್ಪಟೆ ಪ್ಯಾಡಿಗೆ ಚೂಪು ತುದಿಯ ಪಿನ್ ಇರಲಿ, ಫ್ಲಕ್ಸ್ ಪದರವನ್ನು ಅದು ಚುಚ್ಚಿಕೊಂಡು ಹೋಗುತ್ತದೆ.

ಒಂದೊಂದು ಪಿನ್ ಸುಮಾರು 100 ಗ್ರಾಂ ಒತ್ತುತ್ತದೆ. 60 ಪಿನ್ ಎಂದರೆ ಬೋರ್ಡ್ ಮೇಲೆ 6 ಕೆ.ಜಿ. ಮೇಲಿನಿಂದ ಟಾಗಲ್ ಕ್ಲಾಂಪ್ ಒತ್ತುವ ಬಿಂದುಗಳು ಪಿನ್ ಗುಂಪುಗಳಿಗೆ ಸರಿಯಾಗಿ ಎದುರು ಇರಬೇಕು. ಇಲ್ಲದಿದ್ದರೆ ಬೋರ್ಡ್ ಬಾಗಿ, ಅಂಚಿನ ಸೆರಾಮಿಕ್ ಕೆಪಾಸಿಟರ್ ಒಳಗೊಳಗೇ ಬಿರುಕು ಬಿಡುತ್ತದೆ. ಅದು ಟೆಸ್ಟ್‌ನಲ್ಲಿ ಪಾಸ್ ಆಗಿ ಎರಡು ತಿಂಗಳ ಮೇಲೆ ಶಾರ್ಟ್ ಆಗುತ್ತದೆ. ಪ್ರೊಸೆಸರ್, ಡಿಡಿಆರ್ ಚಿಪ್‌ಗಳ ಬೆನ್ನ ಮೇಲಂತೂ ಒತ್ತಲೇಬೇಡಿ. ಬಿಟ್ಟುಕೊಂಡಿರುವ ಬಿಜಿಎ (ಚಿಪ್ಪಿನ ಅಡಿಯ ಗುಂಡುಗಳ) ಬೆಸುಗೆ ಆ ಒತ್ತಡಕ್ಕೆ ಕೂಡಿಕೊಂಡು ಪಾಸ್ ತೋರಿಸುತ್ತದೆ, ಕ್ಲಾಂಪ್ ತೆಗೆದ ಕೂಡಲೇ ಮತ್ತೆ ಬಿಡುತ್ತದೆ.

ಯುಬೂಟ್_ಬಳಗ

ಮೇಸ್ತ್ರಿಗಳು ಹೇಳಿದ ಮೊದಲ ಹಂತಕ್ಕೆ ಸಾಫ್ಟ್‌ವೇರ್ ಕಡೆಯಿಂದ.

ಟೆಸ್ಟ್ ಮಾಡುವ ಲಿನಕ್ಸ್ ಬೇರೆ, ಗ್ರಾಹಕರಿಗೆ ಹೋಗುವ ಲಿನಕ್ಸ್ ಬೇರೆ ಇರಲಿ. ಟೆಸ್ಟ್ ಇಮೇಜ್ ಇನಿಟ್‌ರ‍್ಯಾಮ್‌ಎಫ್‌ಎಸ್ (ರ‍್ಯಾಮ್‌ನಲ್ಲೇ ಇರುವ ಫೈಲ್‌ಸಿಸ್ಟಂ) ರೂಪದಲ್ಲಿ ಯುಎಸ್‌ಬಿಯಿಂದ ನೇರ ರ‍್ಯಾಮ್‌ಗೆ ಇಳಿದು ಓಡಬೇಕು. ಇಎಂಎಂಸಿ ಬೆಸುಗೆ ಕೆಟ್ಟಿದ್ದರೂ ಉಳಿದ ದೋಷಗಳು ಆಗ ಕಾಣುತ್ತವೆ. 6ಯುಎಲ್ಎಲ್‌ಗೆ ಎನ್‌ಎಕ್ಸ್‌ಪಿಯ ಯುಯುಯು (ಚಿಪ್ ತಯಾರಕರೇ ಕೊಡುವ, ಯುಎಸ್‌ಬಿಯಿಂದ ಇಮೇಜ್ ಕಳಿಸುವ) ಟೂಲ್ ಸಾಕು. ಇಎಂಎಂಸಿ ಖಾಲಿ ಇರುವ ಹೊಸ ಬೋರ್ಡ್ ತಾನಾಗಿ ಯುಎಸ್‌ಬಿ ಡೌನ್‌ಲೋಡ್ ಮೋಡ್‌ಗೆ ಬರುತ್ತದೆ. ಆದರೆ ಒಮ್ಮೆ ಇಮೇಜ್ ಬರೆದ ಬೋರ್ಡ್ ಮರುಟೆಸ್ಟ್‌ಗೆ ಬಂದಾಗ ಬರುವುದಿಲ್ಲ. ಆದ್ದರಿಂದ ಎಲ್ಲಿಂದ ಬೂಟ್ ಆಗಬೇಕೆಂದು ಚಿಪ್ಪಿಗೆ ಹೇಳುವ ಬೂಟ್‌ಮೋಡ್‌ನ ಎರಡೂ ಪಿನ್‌ಗಳಿಗೆ ಪ್ಯಾಡ್ ಕೊಟ್ಟು, ಫಿಕ್ಸ್ಚರ್‌ನಿಂದ ಬೂಟ್‌ಮೋಡ್1 ಸೊನ್ನೆ, ಬೂಟ್‌ಮೋಡ್0 ಒಂದು ಮಾಡುವ ವ್ಯವಸ್ಥೆ ಇರಲಿ. ಬೋರ್ಡ್ ಲೇಔಟ್ ಇನ್ನೂ ತಿದ್ದಲು ಬರುವಂತಿದ್ದರೆ ಇವತ್ತೇ ಸೇರಿಸಿ.

ಆರು ಸ್ಲಾಟ್ ಒಂದೇ ಪಿಸಿಗೆ ಸೇರಿಸಿದಾಗ ಯಾವ ಬೋರ್ಡ್ ಯಾವ ಸ್ಲಾಟಿನದು ಎನ್ನುವುದು ಗಲಿಬಿಲಿಯಾಗುತ್ತದೆ. ಸಾಮಾನ್ಯ ಸಿಎಚ್340 ಯುಎಸ್‌ಬಿ-ಸೀರಿಯಲ್ ಚಿಪ್‌ನಲ್ಲಿ ಅದರದ್ದೇ ಆದ ಕ್ರಮಸಂಖ್ಯೆ ಇರುವುದಿಲ್ಲ. ಪಿಸಿ ಅದಕ್ಕೆ ಕೊಡುವ ಟಿಟಿವೈ (ಸೀರಿಯಲ್ ಪೋರ್ಟ್) ಸಂಖ್ಯೆ ಪ್ಲಗ್ ಆದ ಕ್ರಮದಂತೆ ಬದಲಾಗುತ್ತದೆ. ಹಾಗಾಗಿ ಯುಡೆವ್ (ಲಿನಕ್ಸ್ ಪಿಸಿ ಸಾಧನಗಳಿಗೆ ಹೆಸರಿಡುವ) ನಿಯಮವನ್ನು ಹಬ್‌ನ ಭೌತಿಕ ಪೋರ್ಟ್ ದಾರಿಗೇ ಕಟ್ಟಿ. ಯುಯುಯುಗೂ 'ಎಂ' ಆಯ್ಕೆ ಕೊಟ್ಟು ಒಂದೊಂದು ಪ್ರೋಸೆಸ್ ಒಂದೊಂದು ಯುಎಸ್‌ಬಿ ದಾರಿಯನ್ನು ಮಾತ್ರ ನೋಡುವಂತೆ ಮಾಡಿ. ಇಲ್ಲವಾದರೆ 3ನೇ ಸ್ಲಾಟಿನ ಫಲಿತಾಂಶ 5ನೇ ಸ್ಲಾಟಿನ ಬೋರ್ಡ್ ಹೆಸರಲ್ಲಿ ದಾಖಲಾಗುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ.

ಇಮೇಜ್ ಬರೆಯುವ ವೇಗ: 1 ಜಿಬಿಗೆ ಒಂಟಿಯಾಗಿ 50 ಸೆಕೆಂಡು ಹಿಡಿಯಬಹುದು. ಆರೂ ಒಂದೇ ಯುಎಸ್‌ಬಿ 2.0 ಬಸ್ಸಿನಲ್ಲಿದ್ದರೆ ಎಲ್ಲಕ್ಕೂ ಸೇರಿ ಸೆಕೆಂಡಿಗೆ 35-40 ಎಂಬಿ ಮಾತ್ರ, ಅಂದರೆ ಎರಡೂವರೆಯಿಂದ ಮೂರು ನಿಮಿಷ. ಯುಎಸ್‌ಬಿ 3 ಹಬ್ ಕೊಂಡರೂ ಪ್ರಯೋಜನವಿಲ್ಲ, ಬೋರ್ಡ್ 2.0 ಆಗಿರುವುದರಿಂದ ಹಬ್‌ನಿಂದ ಪಿಸಿವರೆಗೂ ಅದೇ 480 ಮೆಗಾಬಿಟ್ ತಂತಿಯನ್ನೇ ಹಂಚಿಕೊಳ್ಳಬೇಕು. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿ ಬೇರೆ ಬೇರೆ ಹೋಸ್ಟ್ ಕಂಟ್ರೋಲರ್‌ಗೆ ಎರಡೆರಡು ಸ್ಲಾಟ್ ಹಂಚಿ. ಖಾಲಿ ಬ್ಲಾಕ್ ಬಿಟ್ಟು ಬರೆಯುವ ಸ್ಪಾರ್ಸ್ ಇಮೇಜ್ ಬಳಸಿದರೆ ಸಮಯ ಇನ್ನೂ ಇಳಿಯುತ್ತದೆ, ಆದರೆ ಮೊದಲು ಇಎಂಎಂಸಿ ಪೂರ್ತಿ ಅಳಿಸಿ. ಅಳಿಸದಿದ್ದರೆ ಮರುಟೆಸ್ಟ್ ಬೋರ್ಡ್‌ನಲ್ಲಿ ಬಿಟ್ಟ ಜಾಗಗಳಲ್ಲಿ ಹಳೇ ಡೇಟಾ ಉಳಿಯುತ್ತದೆ.

ಡಿಡಿಆರ್‌ಗೆ ಮೆಮ್‌ಟೆಸ್ಟರ್ ಪೂರ್ತಿ ಸುತ್ತು ಓಡಿಸಲು ಸಮಯ ಸಿಗುವುದಿಲ್ಲ. ಡೇಟಾ ಮತ್ತು ಅಡ್ರೆಸ್ ತಂತಿಗಳ ಶಾರ್ಟ್ ಹಿಡಿಯಲು ಒಂದೊಂದೇ ಬಿಟ್ ಸರಿಸುವ ಪರೀಕ್ಷೆಯನ್ನು ಎಸ್‌ಪಿಎಲ್‌ನಲ್ಲೇ (ಲಿನಕ್ಸ್‌ಗೂ ಮೊದಲು ಓಡುವ ಚಿಕ್ಕ ಬೂಟ್ ಪ್ರೋಗ್ರಾಂ), ಆ ಕೋಡ್ ಡಿಡಿಆರ್‌ನಲ್ಲಿ ಕೂರದೆ ಚಿಪ್ಪಿನೊಳಗಿನ 128 ಕೆಬಿ ರ‍್ಯಾಮ್‌ನಿಂದ ಓಡಿಸಿ; ಅದು ಕ್ಷಣದಲ್ಲಿ ಮುಗಿಯುತ್ತದೆ. ಲಿನಕ್ಸ್ ಎದ್ದ ಮೇಲೆ ಬೇರೆ ಟೆಸ್ಟ್‌ಗಳ ಹಿನ್ನೆಲೆಯಲ್ಲಿ ಸ್ಟ್ರೆಸ್-ಎನ್‌ಜಿ ಎಂಬ, ಹೊರೆ ಹಾಕುವ ಟೂಲ್ ಓಡುತ್ತಿರಲಿ. ಕರೆಂಟ್ ಅಳೆಯುವಾಗ ಮಾತ್ರ ಅದನ್ನು ನಿಲ್ಲಿಸಿ.

ಫ್ಯೂಸ್ (ಚಿಪ್ಪಿನೊಳಗೆ ಒಮ್ಮೆ ಮಾತ್ರ ಬರೆಯಬಹುದಾದ ಬಿಟ್) ಸುಡುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಓದಿ, ಖಾಲಿ ಇದ್ದರೆ ಸುಡಿ, ಬೇಕಾದ ಮೌಲ್ಯ ಆಗಲೇ ಇದ್ದರೆ ಮುಂದೆ ಹೋಗಿ, ಬೇರೆ ಏನಾದರೂ ಇದ್ದರೆ ಬೋರ್ಡ್ ಪಕ್ಕಕ್ಕಿಡಿ. ಹಾಗೇ ಇಮೇಜ್‌ನಲ್ಲಿ ಮಷೀನ್-ಐಡಿ (ಪ್ರತಿ ಸಾಧನದ ಗುರುತು) ಫೈಲ್ ಖಾಲಿ ಇರಬೇಕು, ಎಸ್‌ಎಸ್‌ಎಚ್ ಹೋಸ್ಟ್ ಕೀ ಇರಲೇಬಾರದು. 400 ಸಾಧನಕ್ಕೂ ಒಂದೇ ಮಷೀನ್-ಐಡಿ ಹೋದರೆ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಬಳಸುವ ಕಡೆ ಎಲ್ಲವೂ ಒಂದೇ ಗುರುತು ಹೇಳಿ ಡಿಎಚ್‌ಸಿಪಿ ಕೇಳುತ್ತವೆ, ಒಂದೇ ಐಪಿಗೆ ಕಿತ್ತಾಡುತ್ತವೆ.

ಅಳತೆ_ಮುಖ್ಯ

ನಿಮ್ಮ ಎರಡೂ ದೂರಿಗೆ ಮೂಲ ಒಂದೇ ಸರ್: ಟೆಸ್ಟ್ "ಆಗುತ್ತಿದೆಯಾ" ಎಂದು ಕೇಳುತ್ತಿದೆ, "ಎಷ್ಟು" ಎಂದು ಕೇಳುತ್ತಿಲ್ಲ.

ವೈಫೈ ನೋಡಿ. ಆಂಟೆನಾದ ಚಿಕ್ಕ ಐಪೆಕ್ಸ್ ಕನೆಕ್ಟರ್ ಸರಿಯಾಗಿ ಕೂರದಿದ್ದರೆ ಸಿಗ್ನಲ್ 20 ಡಿಬಿಗೂ ಹೆಚ್ಚು ಬೀಳುತ್ತದೆ, ಆದರೆ ರೂಟರ್ ಎರಡು ಮೀಟರ್ ದೂರದಲ್ಲಿದ್ದರೆ ಆಗಲೂ ಕನೆಕ್ಟ್ ಆಗುತ್ತದೆ. ಆಪರೇಟರ್ ಟಿಕ್ ಹಾಕುತ್ತಾರೆ, ಅವರ ತಪ್ಪಲ್ಲ. ಹೊರಗಿನ ರೇಡಿಯೊ ಸಿಗ್ನಲ್ ತಡೆಯುವ ಶೀಲ್ಡ್ ಬಾಕ್ಸ್ ಒಳಗೆ ಒಂದು ಆಕ್ಸೆಸ್ ಪಾಯಿಂಟ್ ಇಡಿ, ಚಾನೆಲ್ ಮತ್ತು ಟ್ರಾನ್ಸ್‌ಮಿಟ್ ಪವರ್ ಸ್ಥಿರ ಮಾಡಿ, ಸಾಧನ ಪ್ರತಿ ಸಲ ಅದೇ ಜಾಗದಲ್ಲಿ ಕೂರುವಂತೆ ಅಚ್ಚು ಮಾಡಿ. ಒಂದೆರಡು ಸೆಂಟಿಮೀಟರ್ ಸರಿದರೂ ಓದು ಕೆಲವು ಡಿಬಿ ಬದಲಾಗುತ್ತದೆ. ಒಳ್ಳೆಯದೆಂದು ಖಚಿತವಾದ 30 ಪೀಸಿನ ಸಿಗ್ನಲ್ ಅಳೆದು ಸರಾಸರಿ, ಸಿಗ್ಮಾ (ಅಳತೆಗಳ ಹರಡುವಿಕೆ) ತೆಗೆಯಿರಿ. ಸರಾಸರಿ ಮೈನಸ್ 42 ಡಿಬಿಎಂ, ಸಿಗ್ಮಾ 1.5 ಬಂದರೆ ಮೂರು ಸಿಗ್ಮಾ ಕಳೆದು ಕೆಳಮಿತಿ ಮೈನಸ್ 46.5. ಆಮೇಲೆ ಒಂದು ಪೀಸಿನ ಆಂಟೆನಾ ಬೇಕೆಂದೇ ಕಳಚಿ ಇಟ್ಟು ಫೇಲ್ ಆಗುತ್ತದೆಯೇ ನೋಡಿ. ಫೇಲ್ ಆಗದ ಟೆಸ್ಟ್ ಟೆಸ್ಟೇ ಅಲ್ಲ. ಐಪರ್ಫ್ (ನೆಟ್‌ವರ್ಕ್ ವೇಗ ಅಳೆಯುವ ಟೂಲ್) ಓಡಿಸುವುದಾದರೆ ಒಂದು ಸಲಕ್ಕೆ ಒಂದೇ ಸಾಧನ. ಆರೂ ಒಟ್ಟಿಗೆ ಓಡಿದರೆ ಗಾಳಿಯ ಸಮಯ ಹಂಚಿಹೋಗಿ ಅಂಕಿಗೆ ಅರ್ಥವೇ ಇರುವುದಿಲ್ಲ.

ಸ್ಲೀಪ್ ಕರೆಂಟ್. ವೈಫೈ ಮಾಡ್ಯೂಲ್ ಮಲಗದೆ 100 ಮಿಲಿಆಂಪ್ ಎಳೆಯುತ್ತಿದ್ದರೆ 12 ಗಂಟೆಗೆ 1200 ಎಂಎಎಚ್, ಅಂದರೆ ನಿಮ್ಮ ಬ್ಯಾಟರಿಯ ಶೇಕಡಾ 40. ಐಎನ್‌ಎ226 ಇದನ್ನು ಅಳೆಯಲು ಒಳ್ಳೆಯ ಚಿಪ್, ಆದರೆ ಶಂಟ್ (ಕರೆಂಟ್ ಅಳೆಯಲು ದಾರಿಯಲ್ಲಿ ಹಾಕುವ ಸಣ್ಣ ರೆಸಿಸ್ಟರ್) ಆರಿಸುವಾಗ ಲೆಕ್ಕ ಹಾಕಿ. ಅದರ ಗರಿಷ್ಠ ಶಂಟ್ ವೋಲ್ಟೇಜ್ 81.92 ಮಿಲಿವೋಲ್ಟ್, ಆಫ್‌ಸೆಟ್ ದೋಷ 10 ಮೈಕ್ರೋವೋಲ್ಟ್‌ವರೆಗೆ. 0.01 ಓಮ್ ಶಂಟ್ ಹಾಕಿದರೆ 8 ಆಂಪ್‌ವರೆಗೆ ಅಳೆಯಬಹುದು, ಆದರೆ 3 ಮಿಲಿಆಂಪ್ ಸ್ಲೀಪ್‌ನಲ್ಲಿ ಸಿಗುವುದು 30 ಮೈಕ್ರೋವೋಲ್ಟ್, ಮೂರನೇ ಒಂದು ಭಾಗ ತಪ್ಪು. 0.1 ಓಮ್ ಹಾಕಿದರೆ ತಪ್ಪು ಶೇಕಡಾ 3ಕ್ಕೆ ಇಳಿಯುತ್ತದೆ, ಆದರೆ 0.8 ಆಂಪ್ ದಾಟಿದರೆ ಓದು ಅಲ್ಲೇ ನಿಲ್ಲುತ್ತದೆ. ಎರಡನ್ನೂ ಸರಣಿಯಲ್ಲಿ ಹಾಕಿ, ಒಂದೊಂದಕ್ಕೆ ಒಂದೊಂದು ಐಎನ್‌ಎ226 ಕೊಡಿ. ಸಾಧನ ಎಚ್ಚರವಿರುವಾಗ 0.1 ಓಮ್ ಅನ್ನು ಮಾಸ್‌ಫೆಟ್‌ನಿಂದ ಬೈಪಾಸ್ ಮಾಡಿ.

ಇಲ್ಲಿ ಇನ್ನೊಂದು ಮರ್ಮ ಇದೆ. ಫಿಕ್ಸ್ಚರ್‌ನ ಡೀಬಗ್ ಯುಆರ್ಟ್ (ಸೀರಿಯಲ್ ಸಂಪರ್ಕ) ತಂತಿ 3.3 ವೋಲ್ಟ್‌ನಲ್ಲೇ ನಿಂತಿರುತ್ತದೆ. ಬೋರ್ಡ್ ಮಲಗಿದಾಗ ಆ ತಂತಿಯಿಂದ ಚಿಪ್ಪಿನ ರಕ್ಷಣಾ ಡಯೋಡ್ ಮೂಲಕ ಒಳಗೆ ಕರೆಂಟ್ ನುಗ್ಗುತ್ತದೆ. ಶಂಟ್ ಕಡಿಮೆ ತೋರಿಸುತ್ತದೆ, ಕೆಟ್ಟ ಬೋರ್ಡ್ ಪಾಸ್ ಆಗುತ್ತದೆ. ಯುಆರ್ಟ್ ಮತ್ತು ಯುಎಸ್‌ಬಿಯ 5 ವೋಲ್ಟ್ ಎರಡನ್ನೂ ಅನಲಾಗ್ ಸ್ವಿಚ್ ಅಥವಾ ರಿಲೇಯಿಂದ ಕಳಚಿ, 5 ಸೆಕೆಂಡು ಬಿಟ್ಟು ಅಳೆಯಿರಿ.

ಚಾರ್ಜಿಂಗ್ ಟೆಸ್ಟ್‌ಗೆ ಬ್ಯಾಟರಿ ಬದಲು ಬೆಂಚ್ ಸಪ್ಲೈ ಕೊಟ್ಟರೆ ಸಾಮಾನ್ಯ ಸಪ್ಲೈ ವಾಪಸ್ ಬರುವ ಕರೆಂಟ್ ನುಂಗುವುದಿಲ್ಲ. ವೋಲ್ಟೇಜ್ ಏರಿ ಚಾರ್ಜರ್ ನಿಂತುಬಿಡುತ್ತದೆ. 3.8 ವೋಲ್ಟ್ ಸಪ್ಲೈಗೆ ಅಡ್ಡವಾಗಿ 3.9 ಓಮ್, 10 ವ್ಯಾಟ್ ರೆಸಿಸ್ಟರ್ ಹಾಕಿ. ಅದು ಸುಮಾರು 970 ಮಿಲಿಆಂಪ್ ಎಳೆಯುತ್ತಿರುತ್ತದೆ, ಚಾರ್ಜರ್‌ನ 500 ಮಿಲಿಆಂಪ್ ಅದರಲ್ಲೇ ಕರಗುತ್ತದೆ. ಎನ್‌ಟಿಸಿ (ಬ್ಯಾಟರಿಯ ತಾಪ ಅಳೆಯುವ ರೆಸಿಸ್ಟರ್) ಪ್ಯಾಡಿಗೆ 10 ಕಿಲೋಓಮ್ ಕೊಡಿ, ಇಲ್ಲದಿದ್ದರೆ ಚಾರ್ಜ್ ಶುರುವೇ ಆಗುವುದಿಲ್ಲ. ಆಮೇಲೆ 33 ಕಿಲೋಓಮ್‌ಗೆ ಬದಲಿಸಿ: ಸೆಲ್ 0 ಡಿಗ್ರಿಗಿಂತ ತಣ್ಣಗಿದೆ ಎಂದು ಚಾರ್ಜರ್ ತಿಳಿದು ನಿಲ್ಲಿಸಬೇಕು. ನಿಲ್ಲಿಸದಿದ್ದರೆ ಆ ಬೋರ್ಡ್ ಹೊರಗೆ ಹೋಗಬಾರದು.

ವೇಮಗಲ್_ಲೈನ್2

ತುಂಬಾ ಉಪಕಾರ ಆಯಿತು. ಇನ್ನೆರಡು ಕೇಳುವುದಿದೆ. ಕೀಪ್ಯಾಡ್ ಒತ್ತಲು 24 ಸೊಲೆನಾಯ್ಡ್ (ವಿದ್ಯುತ್ ಕೊಟ್ಟರೆ ತಳ್ಳುವ ಕಾಯಿಲ್) ಹಾಕಬೇಕಾ? ಇನ್ನೊಂದು, ಬೇಸಿಗೆ ಶುರುವಾದರೆ ಪ್ರಾಯೋಗಿಕ ಫಿಕ್ಸ್ಚರ್‌ನಲ್ಲಿ ಯುಎಸ್‌ಬಿ ನಡುವೆ ಕಡಿದುಹೋಗುತ್ತದೆ. ಅದೇ ಬೋರ್ಡ್ ಮತ್ತೆ ಇಟ್ಟರೆ ಪಾಸ್.

ಜಿಗ್_ಮೇಸ್ತ್ರಿ

ಸೊಲೆನಾಯ್ಡ್ ಹಾಕಿಬಿಡಿ ಎನ್ನುತ್ತೇನೆ. ಒಮ್ಮೆ ಖರ್ಚು, ಆಮೇಲೆ ಪ್ರತಿ ಕೀಗೂ ಒಂದೇ ಒತ್ತಡ. ಹೆಚ್ಚು ಹೊತ್ತು ಒತ್ತಿ ಹಿಡಿದರೆ ಕಾಯಿಲ್ ಬಿಸಿಯಾಗುತ್ತದೆ, 100 ಮಿಲಿಸೆಕೆಂಡ್ ಒತ್ತಿ ಬಿಟ್ಟರೆ ಸಾಕು. ಒಂದೊಂದಕ್ಕೂ ಫ್ಲೈಬ್ಯಾಕ್ ಡಯೋಡ್ (ಕಾಯಿಲ್ ಆಫ್ ಆದಾಗ ಏಳುವ ವೋಲ್ಟೇಜ್ ತಡೆಯುವುದು) ಮರೆಯಬೇಡಿ, ಡಯೋಡ್ ಇಲ್ಲದ ಕಾಯಿಲ್ ಕೂಡ ಯುಎಸ್‌ಬಿ ಕಡಿಯುತ್ತದೆ.

ಕೀ_ಮತ್ತು_ಕಣ್ಣು

ಮೇಸ್ತ್ರಿಗಳ ಮಾತಿಗೆ ಇಲ್ಲಿ ನನ್ನ ಒಪ್ಪಿಗೆ ಇಲ್ಲ. ದಿನಕ್ಕೆ 400ಕ್ಕೆ ಕೈಯಲ್ಲಿ ಒತ್ತುವುದೇ ಸರಿ. 24 ಕೀ ಒತ್ತಲು ಹದಿನೈದು ಸೆಕೆಂಡು ಸಾಕು. ಅಂಟುವ ಕೀ, ಕೇಸಿಗೆ ಉಜ್ಜುವ ಕೀ ಬೆರಳಿಗೆ ತಿಳಿಯುತ್ತದೆ, ಸೊಲೆನಾಯ್ಡ್‌ಗೆ ತಿಳಿಯುವುದಿಲ್ಲ. ಆದರೆ ತೀರ್ಪು ಮಾತ್ರ ಮಷೀನ್ ಕೊಡಲಿ. ಪ್ರತಿ ಕೀಗೆ ಒಂದು ಒತ್ತು, ಒಂದು ಬಿಡುಗಡೆ, ಅಷ್ಟೇ. ಎರಡು ಒತ್ತು ಬಂದರೆ ಫೇಲ್. ಡಿಸ್‌ಪ್ಲೇಗೆ "ಸರಿ ಇದೆಯೇ" ಎಂದು ಕೇಳಲೇಬೇಡಿ. ನಾಲ್ಕು ಮೂಲೆಯಲ್ಲಿ ನಾಲ್ಕು ಅಂಕಿ ಯಾದೃಚ್ಛಿಕವಾಗಿ ತೋರಿಸಿ, ಅದನ್ನೇ ಕೀಪ್ಯಾಡ್‌ನಲ್ಲಿ ಒತ್ತಿಸಿ. ನೋಡದೆ ಪಾಸ್ ಮಾಡುವ ದಾರಿಯೇ ಮುಚ್ಚುತ್ತದೆ. ಬ್ಯಾಕ್‌ಲೈಟ್ ಹೊಳಪು ಬಿಎಚ್1750 ಸೆನ್ಸರ್‌ನಿಂದ ಲಕ್ಸ್ ಲೆಕ್ಕದಲ್ಲಿ ಬರಲಿ.

ಆಪರೇಟರ್‌ಗೆ ಸೂಚನೆ ಕನ್ನಡದಲ್ಲೇ ಇರಲಿ. ಆದರೆ ಟೆಸ್ಟ್ ಇಮೇಜ್‌ನ ಬರೀ ಫ್ರೇಮ್‌ಬಫರ್‌ನಲ್ಲಿ ಫಾಂಟ್ ಎಳೆದರೆ ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗುತ್ತದೆ. ಹಾರ್ಫ್‌ಬಝ್ (ಅಕ್ಷರ ಜೋಡಿಸುವ ಲೈಬ್ರರಿ) ಸೇರಿಸಿ ಇಮೇಜ್ ದೊಡ್ಡದು ಮಾಡುವ ಬದಲು ಸೂಚನೆಗಳನ್ನು ಪಿಸಿಯಲ್ಲೇ ಪಿಎನ್‌ಜಿ ಚಿತ್ರ ಮಾಡಿ ಇಟ್ಟುಕೊಳ್ಳಿ.

ಅಳತೆ_ಮುಖ್ಯ

ಯುಎಸ್‌ಬಿ ಕಡಿಯುವುದಕ್ಕೆ ಪಿಸಿಯ ಕರ್ನಲ್ ಲಾಗ್ ನೋಡಿ. ಆರೂ ಸ್ಲಾಟ್ ಒಂದೇ ಕ್ಷಣಕ್ಕೆ ಕಡಿದಿದ್ದರೆ ಅರ್ತಿಂಗ್ ಅಥವಾ ಸ್ಟ್ಯಾಟಿಕ್. ಒಂದೇ ಸ್ಲಾಟ್ ಪದೇಪದೇ ಕಡಿದರೆ ಪಿನ್ ಅಥವಾ ಕೇಬಲ್. ಬೇಸಿಗೆ ಎಂದಿದ್ದೀರಿ, ಹಾಗಾಗಿ ಮೊದಲನೆಯದರ ಅನುಮಾನವೇ ಜಾಸ್ತಿ. ನಮ್ಮ ಕಡೆ ಬಂಡೆ ನೆಲ. ಮಳೆಗಾಲದಲ್ಲಿ ಚೆನ್ನಾಗಿರುವ ಅರ್ತ್ ಪಿಟ್ ಮಾರ್ಚ್‌ನಲ್ಲಿ ಒಣಗಿ ರೆಸಿಸ್ಟೆನ್ಸ್ ಏರುತ್ತದೆ. ಅಳೆಯುವುದಿದ್ದರೆ ಬೇಸಿಗೆಯಲ್ಲೇ ಅಳೆಸಿ. ಮ್ಯಾಟ್ ಮತ್ತು 1 ಮೆಗಾಓಮ್ ರಿಸ್ಟ್ ಸ್ಟ್ರ್ಯಾಪ್ ಇದ್ದರೂ, ಡಿಸ್‌ಪ್ಲೇ ಮೇಲಿನ ಪ್ಲಾಸ್ಟಿಕ್ ಹಾಳೆ ಸರ್ರನೆ ಎಳೆದಾಗ ಹುಟ್ಟುವ ಚಾರ್ಜ್‌ಗೆ ಅವು ಸಾಲದು, ಪ್ಲಾಸ್ಟಿಕ್ ಮೇಲಿನ ಚಾರ್ಜ್ ತಂತಿಯಲ್ಲಿ ಇಳಿಯುವುದಿಲ್ಲ. ಹಾಳೆ ಎಳೆಯುವ ಮೇಜಿಗೆ ಚಾರ್ಜ್ ಇಳಿಸುವ ಅಯಾನೈಸರ್ ಫ್ಯಾನ್ ಇಡಿ, ಆ ಮೇಜನ್ನು ಫಿಕ್ಸ್ಚರ್‌ಗಳಿಂದ ದೂರ ಇಡಿ.

"ಮತ್ತೆ ಇಟ್ಟರೆ ಪಾಸ್" ಎನ್ನುವುದಕ್ಕೆ ಡೇಟಾಬೇಸ್‌ನಲ್ಲೇ ಕಡಿವಾಣ ಹಾಕಿ: ಮರುಟೆಸ್ಟ್ ಒಂದೇ ಸಲ, ಅದೂ ಬೇರೆ ಸ್ಲಾಟ್‌ನಲ್ಲಿ, ಎರಡೂ ಫಲಿತಾಂಶ ದಾಖಲಾಗಬೇಕು. ಬೆಳಿಗ್ಗೆ ಶಿಫ್ಟ್ ಶುರುವಿಗೆ ಪ್ರತಿ ಸ್ಲಾಟ್‌ನಲ್ಲೂ ಒಂದು ಒಳ್ಳೆಯ ಬೋರ್ಡ್, ಕೆಟ್ಟದ್ದೆಂದು ಗೊತ್ತಿರುವ ಒಂದು ಬೋರ್ಡ್ ಇಟ್ಟು ನೋಡಲಿ. ಕೆಟ್ಟದ್ದು ಪಾಸ್ ಆದ ಸ್ಲಾಟ್ ಸರಿಮಾಡುವವರೆಗೆ ಸಾಫ್ಟ್‌ವೇರ್ ಅದನ್ನು ತೆರೆಯಬಾರದು.