2.4 ಗಿಗಾಹರ್ಟ್ಸ್ ಆಂಪ್ಲಿಫೈಯರ್: ಸಿಗ್ನಲ್ಲಿನ ಎರಡೂ ಪಕ್ಕ 500 ಹರ್ಟ್ಸ್ ಗೆರೆ, 7660 ಮೈನಸ್ ಬಯಾಸ್ ಮೇಲೆ ಅನುಮಾನ

ಪ್ರಶ್ನೆ

ಹವ್ಯಾಸಿ ರೇಡಿಯೋದ ಕ್ಯುಒ-100 ಉಪಗ್ರಹದ 2400 ಮೆಗಾಹರ್ಟ್ಸ್ ಅಪ್‌ಲಿಂಕಿಗೆ ಗ್ಯಾಲಿಯಂ ಆರ್ಸೆನೈಡ್ ಫೆಟ್ ಆಂಪ್ಲಿಫೈಯರ್. ಡ್ರೇನಿಗೆ 10 ವೋಲ್ಟ್. ಗೇಟಿನ ಮೈನಸ್ ವೋಲ್ಟೇಜು (ಬಯಾಸ್) ಐಸಿಎಲ್7660 ಕೊಡುತ್ತದೆ, ಪ್ಲಸ್ ವೋಲ್ಟೇಜಿನಿಂದ ಮೈನಸ್ ಮಾಡುವ ಚಾರ್ಜ್ ಪಂಪ್ ಐಸಿ ಅದು: 5 ವೋಲ್ಟ್ ಸಪ್ಲೈ, 10 ಮೈಕ್ರೋಫ್ಯಾರಡ್‌ನ ಎರಡು ಎಲೆಕ್ಟ್ರೋಲಿಟಿಕ್, ಔಟ್‌ಪುಟ್‌ನಿಂದ ಗ್ರೌಂಡಿಗೆ 1ಕೆ ಪ್ರಿಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್), ಅದರ ನಡುವಿನ ಪಿನ್ನಿನಿಂದ ಗೇಟಿಗೆ. ಕೀ ಒತ್ತಿ ಹಿಡಿದರೆ ಡೌನ್‌ಲಿಂಕ್ ವಾಟರ್‌ಫಾಲಿನಲ್ಲಿ (ಫ್ರೀಕ್ವೆನ್ಸಿಗಳನ್ನು ಗೆರೆಗಳಾಗಿ ತೋರಿಸುವ ಪರದೆ) ನನ್ನ ಗೆರೆಯ ಆಚೀಚೆ ಸುಮಾರು 500 ಹರ್ಟ್ಸ್‌ಗೊಂದರಂತೆ ಮರಿಗೆರೆಗಳು. ಟೋನ್ ಗೊರಗೊರ ಅನ್ನುತ್ತದೆ. ಐಸಿಯ 5ನೇ (ಔಟ್‌ಪುಟ್) ಪಿನ್ನಿನಲ್ಲಿ ಮೀಟರು −4.0 ತೋರಿಸುತ್ತದೆ. 7660 ಓಡುವುದು 10 ಕಿಲೋಹರ್ಟ್ಸ್‌ನಲ್ಲಿ ತಾನೆ, ಈ 500 ಎಲ್ಲಿಂದ ಬಂತು? ಆರ್‌ಎಫ್ ನುಗ್ಗದಿರಲಿ ಎಂದು 7ನೇ ಪಿನ್ನಿನಿಂದ ಗ್ರೌಂಡಿಗೆ 100 ಪಿಎಫ್ (ಪಿಕೋಫ್ಯಾರಡ್) ಕೆಪಾಸಿಟರ್ ಕೂಡ ಹಾಕಿದ್ದೇನೆ.

ಉತ್ತರ 1

ಕೊನೆಯ ಸಾಲಿನಲ್ಲೇ ಕಳ್ಳ ಸಿಕ್ಕಿಬಿದ್ದಿದ್ದಾನೆ ಸರ್. 7ನೇ ಪಿನ್ ಬೈಪಾಸ್ ಮಾಡುವ ಜಾಗವಲ್ಲ, ಕ್ಲಾಕ್ ಆಸಿಲೇಟರಿನದೇ ಪಿನ್. ಅಲ್ಲಿಂದ 8ನೇ (ಸಪ್ಲೈ) ಪಿನ್ನಿಗೆ 100 ಪಿಎಫ್ ಹಾಕಿದರೆ ಆಸಿಲೇಟರು 10ರಿಂದ ಸುಮಾರು 1 ಕಿಲೋಹರ್ಟ್ಸಿಗೆ ಇಳಿಯುತ್ತದೆ ಎಂದು ಡೇಟಾಶೀಟೇ ಹೇಳುತ್ತದೆ. ಗ್ರೌಂಡಿಗೆ ಹಾಕಿದರೂ ಫಲ ಅದೇ. ಒಳಗೆ ಅದನ್ನು ಎರಡರಿಂದ ಭಾಗಿಸಿಯೇ ಸ್ವಿಚ್ ಮಾಡುವುದು. ಹಾಗಾಗಿ ಪಂಪಿಗೆ ಉಳಿದದ್ದು 500 ಹರ್ಟ್ಸ್.

ಲೆಕ್ಕವೂ ಕೂಡಿಬರುತ್ತದೆ. ಪ್ರಿಸೆಟ್ಟೊಂದೇ 4 ಮಿಲಿಆಂಪ್ ಎಳೆಯುತ್ತಿದೆ. ಅರ್ಧ ಸೈಕಲ್, ಅಂದರೆ 1 ಮಿಲಿಸೆಕೆಂಡ್, ಔಟ್‌ಪುಟ್ ಕೆಪಾಸಿಟರ್ ಒಂದೇ ಆ ಲೋಡನ್ನು ಹೊರಬೇಕು: 10 ಮೈಕ್ರೋಫ್ಯಾರಡ್‌ಗೆ 0.4 ವೋಲ್ಟ್ ರಿಪಲ್ (ಏರಿಳಿತ). ಪ್ರಿಸೆಟ್ ಅರ್ಧಕ್ಕಿದ್ದರೆ ಗೇಟಿನ ಮೇಲೆ 0.2 ವೋಲ್ಟ್. ಅಷ್ಟು ಸಾಕು, ಕ್ಯಾರಿಯರ್ ಚೆನ್ನಾಗಿಯೇ ಮಾಡ್ಯುಲೇಟ್ ಆಗುತ್ತದೆ. −4.0 ಕೂಡ ಇದನ್ನೇ ಹೇಳುತ್ತಿದೆ. ಸರಿಯಾದ ಕ್ಲಾಕಿನಲ್ಲಿ ಈ ಐಸಿಯ ಔಟ್‌ಪುಟ್ ರೆಸಿಸ್ಟನ್ಸ್ 55 ಓಮ್ ಆಸುಪಾಸು, 1ಕೆ ಲೋಡಿಗೆ −4.7 ಬರಬೇಕಿತ್ತು.

100 ಪಿಎಫ್ ಕಿತ್ತುಹಾಕಿ, 7ನೇ ಪಿನ್ನಿನ ಟ್ರ್ಯಾಕನ್ನು ಪ್ಯಾಡಿನ ಬುಡದಲ್ಲೇ ಕತ್ತರಿಸಿ. ಆರ್‌ಎಫ್ ಹೆದರಿಕೆ ಇದ್ದರೆ ನಡುವೆ ತಗಡಿನ ಗೋಡೆ ನಿಲ್ಲಿಸಿ, 8ನೇ ಪಿನ್ನಿನಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಕೊಡಿ. ಕ್ಲಾಕ್ ನೋಡಲು ಸ್ಕೋಪ್ ಪ್ರೋಬನ್ನು 7ಕ್ಕೆ ಇಡಬೇಡಿ. ×1 ಪ್ರೋಬಿನ ಕೇಬಲ್ಲೇ ಸುಮಾರು 100 ಪಿಎಫ್, ನೋಡಲು ಹೋಗಿ ನೀವೇ ಕ್ಲಾಕನ್ನು ಇಳಿಸುತ್ತೀರಿ. 2ನೇ ಪಿನ್ನಿನಲ್ಲಿ ನೋಡಿ, 5 ಕಿಲೋಹರ್ಟ್ಸ್ ಚೌಕ ತರಂಗ ಕಾಣಬೇಕು.

ಪ್ರಶ್ನೆ ಕೇಳಿದವರು

ಕಿತ್ತೆ. ಈಗ −4.7. 500ರ ಗೆರೆ ಮಾಯ, ಆದರೆ 5 ಕಿಲೋಹರ್ಟ್ಸ್ ದೂರದಲ್ಲಿ ತೆಳ್ಳಗೆ ಒಂದೊಂದು ಕಾಣುತ್ತಿದೆ. ಲೋಡ್ ಕಡಿಮೆಯಾಗಲಿ ಅಂತ ಪ್ರಿಸೆಟ್ಟನ್ನು 10ಕೆ ಮಾಡಲೇ?

ಉತ್ತರ 2

ಬೇಡ. 1ಕೆ ಪ್ರಿಸೆಟ್ ನಡುವಿನಲ್ಲಿದ್ದರೆ ಗೇಟಿಗೆ ಕಾಣುವ ರೆಸಿಸ್ಟನ್ಸ್ 250 ಓಮ್. 10ಕೆ ಆದರೆ 2.5ಕೆ. ಜೋರಾಗಿ ಡ್ರೈವ್ ಮಾಡಿದಾಗ ಗೇಟಿಗೆ ಕರೆಂಟ್ ಹರಿದು ಬಯಾಸ್ ಇನ್ನೂ ಮೈನಸ್ಸಿಗೆ ಜಾರುತ್ತದೆ. ಫೆಟ್ ಬಿಸಿಯಾದಾಗ ಲೀಕೇಜ್ ಉಲ್ಟಾ ಹರಿದು ಬಯಾಸ್ ಮೇಲಕ್ಕೇರುತ್ತದೆ, ಡ್ರೇನ್ ಕರೆಂಟ್ ಹೆಚ್ಚುತ್ತದೆ, ಇನ್ನಷ್ಟು ಬಿಸಿ. ಫೆಟ್ ಸಾಯುವುದು ಹೀಗೆ.

5ನೇ ಪಿನ್ ಮತ್ತು ಪ್ರಿಸೆಟ್ ನಡುವೆ 47 ಓಮ್, ಪ್ರಿಸೆಟ್ ಕಡೆ 100 ಮೈಕ್ರೋಫ್ಯಾರಡ್ (ಪ್ಲಸ್ ಗ್ರೌಂಡಿಗೆ, ಇಲ್ಲಿ ಬಹಳ ಜನ ಎಡವುತ್ತಾರೆ). 5 ಕಿಲೋಹರ್ಟ್ಸಿಗೆ 40 ಡಿಬಿ ಮೇಲೆ ತಗ್ಗುತ್ತದೆ, ಕಳೆದುಕೊಳ್ಳುವುದು 0.2 ವೋಲ್ಟ್. ಆಮೇಲೆ ಬಯಾಸ್ ಮತ್ತೆ ಸೆಟ್ ಮಾಡಿ.

ಇದರಲ್ಲೊಂದು ಅಪಾಯವಿದೆ. 100 ಮೈಕ್ರೋಫ್ಯಾರಡ್ ತುಂಬಲು 50 ಮಿಲಿಸೆಕೆಂಡ್ ಬೇಕು. ಅಷ್ಟರೊಳಗೆ ಡ್ರೇನಿಗೆ 10 ವೋಲ್ಟ್ ಬಂದರೆ ಫೆಟ್ ಪೂರ್ತಿ ತೆರೆದುಕೊಂಡಿರುತ್ತದೆ. ಡ್ರೇನ್ ಲೈನಿನಲ್ಲಿ ಪಿ-ಚಾನೆಲ್ ಮಾಸ್‌ಫೆಟ್ ಹಾಕಿ. ಅದರ ಗೇಟಿನಿಂದ ಸೋರ್ಸಿಗೆ 47ಕೆ. ಆ ಗೇಟನ್ನು ಬಿಸಿ547 (BC547) ಟ್ರಾನ್ಸಿಸ್ಟರಿನ ಕಲೆಕ್ಟರಿಗೆ, ಎಮಿಟರನ್ನು ಮೈನಸ್ ಲೈನಿಗೆ ಸೇರಿಸಿ. ಬೇಸಿನಿಂದ 4.7ಕೆ, ಅದಕ್ಕೆ ಸೀರೀಸಾಗಿ 3.3 ವೋಲ್ಟ್ ಝೀನರ್, ಪಟ್ಟಿ ಇರುವ ತುದಿ ಗ್ರೌಂಡಿಗೆ. ಬೇಸ್–ಎಮಿಟರ್ ನಡುವೆ 10ಕೆ. ಮೈನಸ್ ಸಾಕಷ್ಟು ಇಳಿಯುವ ತನಕ ಡ್ರೇನಿಗೆ ಕರೆಂಟಿಲ್ಲ. 47ಕೆ ಬದಲು 10ಕೆ ಹಾಕಬೇಡಿ, ಮೈನಸ್ ಲೈನಿಗೆ ಸುಮ್ಮನೆ ಇನ್ನೂ 1.4 ಮಿಲಿಆಂಪ್ ಭಾರ.

ಪ್ರಶ್ನೆ ಕೇಳಿದವರು

5 ಕಿಲೋಹರ್ಟ್ಸ್ ಗೆರೆ ಈಗ ನಾಯ್ಸಿನಲ್ಲಿ ಮುಳುಗಿದೆ. ಬಿಸಿ547ರ ಎಮಿಟರ್ ಸದ್ಯ ಐಸಿಯ 5ನೇ ಪಿನ್ನಿಗೇ ಇದೆ, ಪರವಾಗಿಲ್ಲವೇ?

ಉತ್ತರ 2

ಪ್ರಿಸೆಟ್ ಕಡೆಗೆ, 47 ಓಮ್ ದಾಟಿದ ಮೇಲೆ ಹಾಕಿ. 5ನೇ ಪಿನ್ ಬೇಗ ಮೈನಸ್ ಆಗುತ್ತದೆ, ಗೇಟ್ ಇನ್ನೂ ಹಿಂದಿರುತ್ತದೆ. 47 ಓಮ್ ಬೆಸುಗೆ ಬಿಟ್ಟರಂತೂ ಗೇಟಿಗೆ ಬಯಾಸೇ ಇಲ್ಲದಿದ್ದರೂ ಮಾಸ್‌ಫೆಟ್ ಆನ್ ಆಗಿಯೇ ಇರುತ್ತದೆ.