ಬ್ಯಾಕಪ್ ಟನಲ್ 'ರೆಡಿ' ಎನ್ನುತ್ತದೆ, ಫೈಬರ್ ಕಡಿದರೆ ಮಾತ್ರ ಕೆಲಸ ಮಾಡುವುದಿಲ್ಲ (ಎಂಪಿಎಲ್‌ಎಸ್, ಅಂದರೆ ಲೇಬಲ್ ಹಚ್ಚಿ ಪ್ಯಾಕೆಟ್ ಸಾಗಿಸುವ ಜಾಲದ ಫಾಸ್ಟ್ ರೀರೂಟ್)

ಸುರತ್ಕಲ್_ನೋಡ್:
ಹೆದ್ದಾರಿ 66ರ ಬದಿಗೆ ಜೆಸಿಬಿ ಇಳಿದಾಗಲೆಲ್ಲ ನಮ್ಮ ಮಂಗಳೂರು–ಉಡುಪಿ ದಾರಿಯ ಸುರತ್ಕಲ್–ಮೂಲ್ಕಿ ಫೈಬರ್ ಕಡಿಯುತ್ತದೆ. ಅದಕ್ಕೆಂದೇ ಬಜ್ಪೆ, ಕಟೀಲು, ಕಿನ್ನಿಗೋಳಿ ಸುತ್ತಿ ಮೂಲ್ಕಿ ಸೇರುವ ಬ್ಯಾಕಪ್ ಟನಲ್ (ಮೊದಲೇ ಸಿದ್ಧವಾಗಿಟ್ಟ ಬದಲಿ ದಾರಿ) ಬರೆದಿದ್ದೇನೆ. ರೂಟರಿನ ಫಾಸ್ಟ್ ರೀರೂಟ್ ಡೇಟಾಬೇಸಿನಲ್ಲಿ 'ರೆಡಿ' ಎಂದಿದೆ. ಪೋರ್ಟ್ ಶಟ್‌ಡೌನ್ ಮಾಡಿದರೆ ತಕ್ಷಣ 'ಆಕ್ಟಿವ್' ಆಗುತ್ತದೆ. ಆದರೆ ನಿಜವಾಗಿ ಕೇಬಲ್ ತುಂಡಾದಾಗ ಉಡುಪಿ ಶಾಖೆಯ ಕರೆಗಳೆಲ್ಲ ಬಿದ್ದುಹೋಗುತ್ತವೆ, ಮುಕ್ಕಾಲು ನಿಮಿಷ ಏನೂ ಹರಿಯುವುದಿಲ್ಲ. ಫಾಸ್ಟ್ ರೀರೂಟ್ 50 ಮಿಲಿಸೆಕೆಂಡಿನಲ್ಲಿ ದಾರಿ ಬದಲಿಸುತ್ತದೆ ಎಂಬ ಮಾತು ಎಲ್ಲಿ ಹೋಯಿತು? ಕಾನ್ಫಿಗ್ ಸರಿಯಿದೆ, ಅದನ್ನು ಮತ್ತೆ ಕೇಳಬೇಡಿ.

ಪಡುಬಿದ್ರಿ_ಪ್ಯಾಕೆಟ್:
ನೀವು ಮೂಲ್ಕಿಯಲ್ಲೇ ಮುಗಿಯುವ ಟನಲ್ ಬರೆದಿದ್ದೀರಿ. ಅದು ಲಿಂಕನ್ನು ಮಾತ್ರ ಕಾಯುತ್ತದೆ. ಮೂಲ್ಕಿ ರೂಟರನ್ನೂ ದಾಟಿ ಅದರ ಮುಂದಿನ ಹಾಪ್‌ನಲ್ಲಿ (ದಾರಿಯ ಮುಂದಿನ ರೂಟರಿನಲ್ಲಿ) ಇಳಿಯುವ ಟನಲ್ ಬೇಕು. ಅದಕ್ಕೆ ಬೇಕಾದ ಲೇಬಲ್ ರೆಕಾರ್ಡಿಂಗ್ (ದಾರಿಯ ರೂಟರ್‌ಗಳ ಲೇಬಲ್ ದಾಖಲಿಸುವುದು) ಆನ್ ಇದೆಯೇ?

ಸುರತ್ಕಲ್_ನೋಡ್:
ಕಡಿಯುವುದು ಕೇಬಲ್ ಮಾರಾಯರೇ, ರೂಟರ್ ಅಲ್ಲ.

ಪಡುಬಿದ್ರಿ_ಪ್ಯಾಕೆಟ್:
ಆದರೂ ನೋಡ್ ರಕ್ಷಣೆ, ಅಂದರೆ ರೂಟರೇ ಸತ್ತರೂ ಉಳಿಸುವ ಏರ್ಪಾಡು, ಇಲ್ಲದ ವಿನ್ಯಾಸ ಅರ್ಧಂಬರ್ಧ. ಮೊದಲು ಅದನ್ನು ಹಾಕಿ, ಆಮೇಲೆ ಮಾತನಾಡೋಣ.

ಮಣಿಪಾಲ_ರ‍್ಯಾಕ್:
ಈ ಕಾಲದಲ್ಲೂ ಆರ್‌ಎಸ್‌ವಿಪಿ (ಈ ಟನಲ್‌ಗಳನ್ನು ಕಟ್ಟುವ ಪ್ರೋಟೊಕಾಲ್) ಏಕೆ? ಸೆಗ್ಮೆಂಟ್ ರೂಟಿಂಗ್‌ಗೆ ಬನ್ನಿ, ಬ್ಯಾಕಪ್ ದಾರಿ ತಾನಾಗಿಯೇ ಲೆಕ್ಕವಾಗುತ್ತದೆ. ನನ್ನ ಮನೆಯ ರ‍್ಯಾಕ್‌ನಲ್ಲಿ ಇಡೀ ಕರಾವಳಿಯ ರಿಂಗ್ ಓಡುತ್ತಿದೆ, ಎರಡು ಯುಪಿಎಸ್ ಸಮೇತ. ಚಿತ್ರ ಬೇಕಿದ್ದರೆ ಹಾಕುತ್ತೇನೆ.

ಪಡುಬಿದ್ರಿ_ಪ್ಯಾಕೆಟ್:
ಆರ್‌ಎಸ್‌ವಿಪಿ ಫಾಸ್ಟ್ ರೀರೂಟ್‌ನ ಮಾನದಂಡವಾದ ಆರ್‌ಎಫ್‌ಸಿ 4090 ಬಂದದ್ದು 2005ರಲ್ಲಿ, ಇಂದಿಗೂ ಗಟ್ಟಿಯಾಗಿ ನಿಂತಿದೆ. ಮನೆಯ ರ‍್ಯಾಕ್‌ಗೆ ಜೆಸಿಬಿ ಬರುವುದಿಲ್ಲ.

ಕಾಪು_ದೀಪಸ್ತಂಭ:
ಸುರತ್ಕಲ್ಲಿನವರೇ, ಆ ಮುಕ್ಕಾಲು ನಿಮಿಷವನ್ನೇ ಹಿಡಿದು ನೋಡಿ. ರೂಟರ್‌ಗಳು ದಾರಿ ತಿಳಿಯಲು ಬಳಸುವ ಓಎಸ್‌ಪಿಎಫ್‌ನ ಡೆಡ್ ಟೈಮರ್ (ನೆರೆಯವನು ಸತ್ತನೆಂದು ತೀರ್ಮಾನಿಸುವ ಮೊದಲು ಕಾಯುವ ಸಮಯ) ಈಥರ್ನೆಟ್‌ನಲ್ಲಿ ಸಾಮಾನ್ಯವಾಗಿ 40 ಸೆಕೆಂಡ್. ನಿಮ್ಮ ರೂಟರಿಗೆ ಕೇಬಲ್ ಕಡಿದದ್ದು ಗೊತ್ತಾಗುತ್ತಲೇ ಇಲ್ಲ. ನೆರೆಯವನ ಹಲೋ ನಿಂತು, ಟೈಮರ್ ಮುಗಿದ ಮೇಲೆ ಮುಖ್ಯ ಟನಲ್ ಶುರುವಾಗುವ ಮಂಗಳೂರಿನ ರೂಟರ್ ಹೊಸ ದಾರಿ ಹುಡುಕುತ್ತಿದೆ. ಬ್ಯಾಕಪ್ ಟನಲ್ ಆ ಆಟಕ್ಕೆ ಇಳಿದೇ ಇಲ್ಲ. ಶಟ್‌ಡೌನ್ ಪರೀಕ್ಷೆಯಲ್ಲಿ ಪೋರ್ಟ್ ಇಳಿದ ಸುದ್ದಿಯನ್ನು ನೀವೇ ರೂಟರಿಗೆ ಕೊಟ್ಟಿರಿ, ಆದ್ದರಿಂದ ಅದು ಏನನ್ನೂ ಸಾಬೀತು ಮಾಡುವುದಿಲ್ಲ. ರೂಟರ್ ಮತ್ತು ಫೈಬರ್ ನಡುವೆ ಏನಿದೆ?

ಸುರತ್ಕಲ್_ನೋಡ್:
ಮೀಡಿಯಾ ಕನ್ವರ್ಟರ್, ಫೈಬರನ್ನು ತಾಮ್ರದ ಕೇಬಲ್‌ಗೆ ಜೋಡಿಸುವ ಪೆಟ್ಟಿಗೆ. ಎಲ್ಲರ ಬಳಿಯೂ ಇರುವುದು ಅದೇ ಅಲ್ಲವೇ?

ಕಾಪು_ದೀಪಸ್ತಂಭ:
ಅದೇ ಕಾರಣ. ಹೊರಗೆ ಬೆಳಕು ಹೋದರೂ ಕನ್ವರ್ಟರ್ ನಿಮ್ಮ ತಾಮ್ರದ ಪೋರ್ಟನ್ನು ಅಪ್ ಆಗಿಯೇ ಇಟ್ಟಿರುತ್ತದೆ. ಕೆಲವು ಕನ್ವರ್ಟರ್‌ಗಳಲ್ಲಿ ಫೈಬರ್ ಹೋದರೆ ತಾಮ್ರದ ಪೋರ್ಟನ್ನೂ ಇಳಿಸುವ ಲಿಂಕ್ ಫಾಲ್ಟ್ ಪಾಸ್-ಥ್ರೂ ಎಂಬ ಸ್ವಿಚ್ ಇರುತ್ತದೆ. ಇದ್ದರೆ ಎರಡೂ ತುದಿಯಲ್ಲಿ ಆನ್ ಮಾಡಿ. ಅದಕ್ಕಿಂತ ಉತ್ತಮವೆಂದರೆ ಕನ್ವರ್ಟರ್ ಕಿತ್ತು ಎಸ್‌ಎಫ್‌ಪಿಯನ್ನು (ಫೈಬರ್ ಚುಚ್ಚುವ ಸಣ್ಣ ಮಾಡ್ಯೂಲ್) ನೇರವಾಗಿ ರೂಟರಿಗೇ ಹಾಕಿ, ಕ್ಯಾರಿಯರ್ ಡಿಲೇ (ಲಿಂಕ್ ಇಳಿದದ್ದನ್ನು ಒಪ್ಪುವ ಮೊದಲು ರೂಟರ್ ಕಾಯುವ ಸಮಯ) ಸೊನ್ನೆ ಮಾಡುವುದು. ಎರಡೂ ಆಗದಿದ್ದರೆ ಆರ್‌ಎಸ್‌ವಿಪಿ ಹಲೋಗೆ ಬಿಎಫ್‌ಡಿ (ಲಿಂಕ್ ಸತ್ತದ್ದನ್ನು ಬೇಗ ಪತ್ತೆ ಮಾಡುವ ಪ್ರೋಟೊಕಾಲ್) ಜೋಡಿಸಿ. 50 ಮಿಲಿಸೆಕೆಂಡಿಗೊಂದು ಪ್ಯಾಕೆಟ್, ಮೂರು ತಪ್ಪಿದರೆ ಲಿಂಕ್ ಸತ್ತಂತೆ. ಪತ್ತೆಗೇ 150 ಮಿಲಿಸೆಕೆಂಡ್ ಹಿಡಿಯುತ್ತದೆ, ಆದರೆ ಕರೆ ಬೀಳುವುದಿಲ್ಲ.

ಪಡುಬಿದ್ರಿ_ಪ್ಯಾಕೆಟ್:
ಹಳೆಯ ರೂಟರ್‌ಗಳಲ್ಲಿ ಅಷ್ಟು ಬಿಗಿಯಾದ ಬಿಎಫ್‌ಡಿ ಸಿಪಿಯು ಮೇಲೆ ಬೀಳುತ್ತದೆ. ಲೋಡ್ ಏರಿದಾಗ ಆರೋಗ್ಯವಾಗಿರುವ ಲಿಂಕನ್ನೇ ಬೀಳಿಸುತ್ತದೆ.

ಕಾಪು_ದೀಪಸ್ತಂಭ:
ಇದು ನಿಜ. ಹಾರ್ಡ್‌ವೇರ್‌ನಲ್ಲಿ ಬಿಎಫ್‌ಡಿ ಇಲ್ಲದಿದ್ದರೆ 300 ಮಿಲಿಸೆಕೆಂಡಿನಿಂದ ಆರಂಭಿಸಿ.

ಸುರತ್ಕಲ್_ನೋಡ್:
ಕನ್ವರ್ಟರಿನಲ್ಲಿ ಆ ಸ್ವಿಚ್ ಇಲ್ಲ. ಎರಡೂ ಕಡೆ ಬಿಎಫ್‌ಡಿ ಹಾಕಿ ಪ್ಯಾಚ್ ಪ್ಯಾನೆಲ್‌ನಲ್ಲಿ ಫೈಬರ್ ಎಳೆದೆ. ಈಗ ಮಂಗಳೂರಿನ ಧ್ವನಿ ಉಡುಪಿಗೆ ಒಂದು ಪದವೂ ಬಿಡದೆ ಕೇಳುತ್ತದೆ. ಉಡುಪಿಯವರ ಧ್ವನಿ ಮಾತ್ರ ಕೆಲವು ಸೆಕೆಂಡ್ ಮಂಗಳೂರಿಗೆ ಬರುವುದಿಲ್ಲ. ಇದು ಇನ್ನೂ ವಿಚಿತ್ರ.

ಕಾಪು_ದೀಪಸ್ತಂಭ:
ಎಲ್‌ಎಸ್‌ಪಿ, ಅಂದರೆ ಟನಲ್ಲಿನ ಲೇಬಲ್ ದಾರಿ, ಏಕಮುಖ. ಉಡುಪಿಯಿಂದ ಬರುವ ಟನಲ್‌ಗೆ ದುರಸ್ತಿ ಮಾಡಬೇಕಾದವನು ಮೂಲ್ಕಿ ರೂಟರ್, ನಿಮ್ಮ ಸುರತ್ಕಲ್ ಅಲ್ಲ. ಮೂಲ್ಕಿಯಿಂದ ಕಿನ್ನಿಗೋಳಿ ಮಾರ್ಗವಾಗಿ ಸುರತ್ಕಲ್ಲಿಗೆ ಬೇರೆ ಬ್ಯಾಕಪ್ ಬರೆದು ಅಲ್ಲಿನ ಇಂಟರ್ಫೇಸ್‌ಗೆ ಕಟ್ಟಿ. ಉಡುಪಿಯ ಟನಲ್‌ನಲ್ಲೂ ಫಾಸ್ಟ್-ರೀರೂಟ್ ಕೋರಿಕೆ ಇರಬೇಕು. ಇಲ್ಲದಿದ್ದರೆ ಮೂಲ್ಕಿ ಅದನ್ನು ಮುಟ್ಟುವುದಿಲ್ಲ.

ಪಡುಬಿದ್ರಿ_ಪ್ಯಾಕೆಟ್:
ಹೇಗೂ ಮೂಲ್ಕಿಗೆ ಕೈ ಹಾಕುತ್ತೀರಲ್ಲ, ನೋಡ್ ರಕ್ಷಣೆಯನ್ನೂ ಸೇರಿಸಿಬಿಡಿ.

ಸುರತ್ಕಲ್_ನೋಡ್:
ಉಡುಪಿಯ ಟನಲ್‌ನಲ್ಲಿ ಆ ಸಾಲು ಇರಲಿಲ್ಲ. ಸೇರಿಸಿ, ಮೂಲ್ಕಿಯ ಬ್ಯಾಕಪ್ ಕಟ್ಟಿ, ಮತ್ತೆ ಫೈಬರ್ ಎಳೆದೆ. ಎರಡೂ ಕಡೆ ಮಾತು ಮುಂದುವರಿಯಿತು. ಎಸ್‌ಎಫ್‌ಪಿಗೆ ಬೇಡಿಕೆ ಕಳುಹಿಸಿದ್ದೇನೆ.

ಮಣಿಪಾಲ_ರ‍್ಯಾಕ್:
ರ‍್ಯಾಕ್ ಚಿತ್ರ ಬೇರೆ ಚರ್ಚೆಯಲ್ಲಿ ಹಾಕಿದ್ದೇನೆ, ನೋಡಿ.