ಮಗುವಿಗೆ ‘ಮುನಿರಾಜು’ ಅಂತ ಇಟ್ಟರೆ ಮುಂದೆ ತೊಂದರೆಯಾ?

ಪ್ರಶ್ನೆ (ಮುಳಬಾಗಿಲು): ಅಣ್ಣ ಮುನಿವೆಂಕಟಪ್ಪನ ಮಗುವಿಗೆ ಹೆಸರಿಡಬೇಕು. ಮನೆದೇವರು ಮುನೇಶ್ವರ, ಹಾಗಾಗಿ ಮುನಿರಾಜು ಅಂತಲೇ ಆಗ್ಬೇಕು ಅಂತಾರೆ ಅಜ್ಜಿ. ಬೆಂಗಳೂರಿನ ಕಂಪನಿಯವರು ಹೆಸರು ನೋಡಿಯೇ ಅರ್ಜಿ ಪಕ್ಕಕ್ಕಿಡ್ತಾರೆ ಅನ್ನೋದು ಅತ್ತಿಗೆ ಭಯ. ನಿಜಾನಾ? ಇನಿಶಿಯಲ್ ಹೇಗಿಡೋದು?

ಉತ್ತರ 1 (ಕೋಲಾರ): ಭಯ ಪೂರ್ತಿ ಸುಳ್ಳಲ್ಲ. ಅಮೆರಿಕದಲ್ಲಿ ಬರ್ಟ್ರಾಂಡ್, ಮುಲೈನಾಥನ್ ಅನ್ನೋ ಅರ್ಥಶಾಸ್ತ್ರಜ್ಞರು ಸುಮಾರು 5,000 ಬಯೋಡೇಟಾಗಳಿಗೆ ಬೇರೆಬೇರೆ ಹೆಸರು ಹಾಕಿ ಕಳಿಸಿದ್ರು. ಬಿಳಿಯರ ಹೆಸರಿದ್ದವಕ್ಕೆ 10ಕ್ಕೊಂದು ಸಂದರ್ಶನದ ಕರೆ, ಕಪ್ಪು ಜನರ ಹೆಸರಿದ್ದವಕ್ಕೆ 15ಕ್ಕೊಂದು (2004). ನಮ್ಮಲ್ಲಿ ಥೋರಟ್, ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಷ್ಟೇ: ಓದು ಒಂದೇ ಇದ್ರೂ ದಲಿತ, ಮುಸ್ಲಿಂ ಹೆಸರಿಗೆ ಕರೆ ಕಡಿಮೆ. ಅಂದ್ರೆ ಹೆಸರಿನಿಂದ ಜಾತಿ, ಧರ್ಮ ಊಹಿಸ್ತಾರೆ. ಆದ್ರೆ ಫ್ರೈಯರ್, ಲೆವಿಟ್ ಅನ್ನೋ ಅರ್ಥಶಾಸ್ತ್ರಜ್ಞರು ಕ್ಯಾಲಿಫೋರ್ನಿಯಾದ ಜನನ ದಾಖಲೆ ಜಾಲಾಡಿದಾಗ, ಮನೆ ಪರಿಸ್ಥಿತಿ ಒಂದೇ ಆಗಿದ್ರೆ ಬರೀ ಹೆಸರಿಂದ ಬದುಕು ಕೆಟ್ಟಿದ್ದು ಕಾಣಲಿಲ್ಲ. ‘ವಿಹಾನ್’ ಅಂತ ಇಟ್ಟ ಮಾತ್ರಕ್ಕೆ ಇಂಗ್ಲಿಷ್ ಬಂದುಬಿಡಲ್ಲ ಬಿಡಿ.

ಉತ್ತರ 2 (ಚಿಂತಾಮಣಿ): ನಿಜವಾದ ತಲೆನೋವು ಸ್ಪೆಲಿಂಗು. ರಾಜು ಕೊನೆಗೆ ಒಂದು ಕಡೆ ಯು, ಇನ್ನೊಂದು ಕಡೆ ಡಬಲ್ ಓ ಬಿತ್ತು ಅಂದ್ರೆ ಬ್ಯಾಂಕಿಂದ ಹಿಡಿದು ಎಲ್ಲಾ ಕಡೆ ಅಲೆದಾಟ. ಜನನ 21 ದಿನದೊಳಗೆ ನೋಂದಣಿ ಆಗ್ಬೇಕು. ಹೆಸರು ಸೇರಿಸೋಕೆ 12 ತಿಂಗಳು ಉಚಿತ, ಆಮೇಲೆ 15 ವರ್ಷದವರೆಗೂ ಶುಲ್ಕ ಕಟ್ಟಿ ಸೇರಿಸಬಹುದು. ಅವಸರ ಬೇಡ, ಆದ್ರೆ ಸೇರಿಸುವಾಗ ಇಂಗ್ಲಿಷ್ ಅಕ್ಷರ ಒಂದೊಂದೂ ನೋಡಿ. ಶಾಲೆ ದಾಖಲಾತಿಗೂ ಅದೇ ಕೊಡಿ. ಅಲ್ಲಿ ಬರೆದದ್ದೇ ಅಂಕಪಟ್ಟಿಗೆ ಹೋಗೋದು. ಆಧಾರ್‌ನಲ್ಲಿ ಹೆಸರು ತಿದ್ದೋಕೆ ಜೀವನದಲ್ಲಿ ಎರಡೇ ಅವಕಾಶ.

ಇನಿಶಿಯಲ್ ಬೇಡ. ಪ್ಯಾನ್ ಅರ್ಜಿ, ಪಾಸ್‌ಪೋರ್ಟ್ ಎರಡರಲ್ಲೂ ಬಿಡಿಸಿಯೇ ಬರೀಬೇಕು. ಆಗ ಶಾಲೆ ದಾಖಲೆಯಲ್ಲಿ ‘ಮುನಿರಾಜು ಎಂ’, ಇವೆರಡರಲ್ಲಿ ‘ಮುನಿರಾಜು ಮುನಿವೆಂಕಟಪ್ಪ’ ಆಗುತ್ತೆ. ಜನನ ಪ್ರಮಾಣಪತ್ರದಲ್ಲೇ ಪೂರ್ತಿ ಹಾಕಿಸಿ.

ಉತ್ತರ 3 (ತುಮಕೂರು): ಹಾಗಂತ ಬರೀ ‘ಮುನಿರಾಜು’ ಅಂತ ನಿಲ್ಲಿಸ್ಬೇಡಿ. ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ರೆ 2022ರ ನವೆಂಬರ್‌ನಿಂದ ಯುಎಇ ವಿಸಿಟ್ ವೀಸಾಕ್ಕೆ ತೊಡಕು.

ಪ್ರಶ್ನೆ ಕೇಳಿದವರು: ಅಣ್ಣನ ಹೆಸರು ಪಹಣೀಲಿ ‘ಮುನಿವೆಂಕಟಪ್ಪ ಬಿನ್ ದೊಡ್ಡಮುನಿಯಪ್ಪ’, ಆಧಾರ್‌ನಲ್ಲಿ ‘ವೆಂಕಟಪ್ಪ ಡಿ’. ಮಗುವಿಗೆ ಯಾವುದು?

ಉತ್ತರ 2: ಮೊದಲು ಅಣ್ಣನದ್ದು ಒಂದು ಮಾಡ್ಕೊಳ್ಳಿ, ಆಮೇಲೆ ಮಗುವಿನದ್ದು. ಇಲ್ಲಾಂದ್ರೆ ಪಿಎಂ ಕಿಸಾನ್ ಹಣಕ್ಕೂ ಇದೇ ಗೋಳು.